ಮನೆಯೆಂದರೆ ಮನೆ, ವ್ಯಾಪಾರವೆಂದರೆ ವ್ಯಾಪಾರ: ಹೋಂಸ್ಟೇಗಳ ಹೊಣೆ ಮತ್ತು ವಿಮೆ

ಮೂಡಿಗೆರೆ, ಸಕಲೇಶಪುರ, ಸೋಮವಾರಪೇಟೆ ಕಡೆಯ ತೋಟದ ಮನೆಗಳಲ್ಲಿ ಮಕ್ಕಳು ಬೆಂಗಳೂರು ಸೇರಿದ ಮೇಲೆ ಬೀಗ ಬಿದ್ದಿದ್ದ ಕೋಣೆಗಳು ಈಗ ಶನಿವಾರ ಬಂತೆಂದರೆ ಭರ್ತಿ. ಆ ಮನೆ ಏನು ಎಂದು ಕೇಳಿದರೆ ಮಾತ್ರ ಒಂದೊಂದು ಕಚೇರಿ ಒಂದೊಂದು ಉತ್ತರ ಕೊಡುತ್ತದೆ. ಪ್ರವಾಸೋದ್ಯಮ ಇಲಾಖೆಯ ಕಣ್ಣಿಗೆ ಅದು ಮನೆ. ಮಾಲೀಕರು ಅಲ್ಲೇ ವಾಸವಿರಬೇಕು, ಕೋಣೆಗಳು ಕೆಲವೇ ಇರಬೇಕು. ಕೇಂದ್ರ ಸರ್ಕಾರದ ಯೋಜನೆಯ ಮಿತಿ 6 ಕೋಣೆ, 12 ಹಾಸಿಗೆ. ಇಲಾಖೆ ಒಪ್ಪಿದ ಹೋಂಸ್ಟೇಗೆ ರಾಜ್ಯದಲ್ಲಿ ಮನೆಬಳಕೆಯ ವಿದ್ಯುತ್ ದರವೂ ಸಿಗುತ್ತದೆ. ಗ್ರಾಹಕ ಆಯೋಗದ ಕಣ್ಣಿಗೆ ಅದೇ ಮನೆ ದುಡ್ಡು ಪಡೆದು ಸೇವೆ ಕೊಡುವ ವಸತಿಗೃಹ. ವಿಮಾ ಕಂಪನಿಗೆ ಅದು ಪ್ರಸ್ತಾವನೆ ಅರ್ಜಿಯಲ್ಲಿ 'ಕಟ್ಟಡದ ಬಳಕೆ' ಎಂಬ ಕಾಲಂನಲ್ಲಿ ಏಜೆಂಟರು ಏನು ತುಂಬಿಸಿದ್ದಾರೋ ಅದು. ಆ ಕಾಲಂನಲ್ಲಿ ಹೆಚ್ಚಾಗಿ 'ವಾಸದ ಮನೆ' ಎಂದಿರುತ್ತದೆ.

ಹೋಂಸ್ಟೇ ಮಾಲೀಕರ ಕಷ್ಟವೆಲ್ಲ ಇರುವುದು ಈ ಉತ್ತರಗಳ ನಡುವಿನ ಸಂದಿಯಲ್ಲಿ. ರಿಯಾಯಿತಿ ಬೇಕಾದಾಗ ಮನೆ ಎನ್ನುತ್ತೇವೆ, ಬಾಡಿಗೆ ಹೇಳುವಾಗ ರೆಸಾರ್ಟಿನ ದರ ಹೇಳುತ್ತೇವೆ. ಅನಾಹುತವಾದ ದಿನ ಹೊಣೆ ವ್ಯಾಪಾರದ ಲೆಕ್ಕದಲ್ಲಿ ಬರುತ್ತದೆ, ಕಪಾಟಿನಲ್ಲಿರುವ ಪಾಲಿಸಿ ಮಾತ್ರ ಮನೆಯ ಲೆಕ್ಕದ್ದು.

ಮೊದಲು ಹೊಣೆಯ ಮಾತು. ಜಾಗದ ಯಜಮಾನನಿಗೆ ಅಲ್ಲಿಗೆ ಬಂದವರ ಬಗ್ಗೆ ಎಷ್ಟು ಜವಾಬ್ದಾರಿ ಎಂದು ಬ್ರಿಟನ್ 1957ರಲ್ಲೇ ಒಂದು ಪ್ರತ್ಯೇಕ ಕಾಯ್ದೆ ಮಾಡಿಕೊಂಡಿತು. ನಮ್ಮಲ್ಲಿ ಅಂಥದ್ದಿಲ್ಲ. ಅಜಾಗರೂಕತೆಯ ಬಗ್ಗೆ ನ್ಯಾಯಾಲಯಗಳು ಬೆಳೆಸಿಕೊಂಡು ಬಂದ ತತ್ವಗಳೇ ಆಧಾರ. ಕಾಯ್ದೆ ಇಲ್ಲ ಎಂದರೆ ಹೊಣೆ ಇಲ್ಲ ಎಂದು ಯಾರೂ ತಿಳಿಯಬೇಕಿಲ್ಲ. 2020ರ ಜುಲೈನಲ್ಲಿ ಜಾರಿಗೆ ಬಂದ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಆ ಜಾಗವನ್ನು ಬಹುಮಟ್ಟಿಗೆ ತುಂಬಿದೆ. ಅದರ 'ಸೇವೆ'ಯ ವ್ಯಾಖ್ಯೆಯಲ್ಲಿ ಊಟ, ವಸತಿ ಎರಡೂ ಇವೆ.

ಈ ಕಾಯ್ದೆಯ ಎರಡು ಸಂಗತಿ ಬಹಳ ಮಾಲೀಕರಿಗೆ ಗೊತ್ತಿಲ್ಲ. ಹಳೆಯ ಕಾನೂನಿನಲ್ಲಿ ಸಾಮಾನ್ಯವಾಗಿ ಘಟನೆ ನಡೆದ ಊರಿನಲ್ಲೋ ಎದುರಾಳಿ ಇರುವ ಊರಿನಲ್ಲೋ ದೂರು ಕೊಡಬೇಕಿತ್ತು. ಈಗ ಅತಿಥಿ ತಾನು ವಾಸವಿರುವ ಊರಿನಲ್ಲೇ ಕೊಡಬಹುದು. ಚೆನ್ನೈನ ಕುಟುಂಬವೊಂದು ಕೊಡಗಿನ ನಾಪೋಕ್ಲುವಿನ ಮನೆಯಲ್ಲಿ ಎರಡು ರಾತ್ರಿ ಉಳಿದು ಹೋಗಿ ಚೆನ್ನೈನಲ್ಲೇ ದೂರು ದಾಖಲಿಸಿದರೆ ವಕೀಲರನ್ನು ಹುಡುಕಿಕೊಂಡು ಅಲ್ಲಿಗೆ ಹೋಗಬೇಕಾದವರು ತೋಟದ ಮನೆಯವರು. ಇನ್ನೊಂದು, ಯಾವ ಆಯೋಗ ಎಂಬುದನ್ನು ತೀರ್ಮಾನಿಸುವುದು ಈಗ ಅತಿಥಿ ಕೊಟ್ಟ ಹಣ, ಕೇಳುವ ಪರಿಹಾರ ಅಲ್ಲ. ಕೊಟ್ಟ ಹಣ 50 ಲಕ್ಷದೊಳಗಿದ್ದರೆ ಜಿಲ್ಲಾ ಆಯೋಗ. 5 ಲಕ್ಷದೊಳಗಿದ್ದರೆ ದೂರಿಗೆ ಶುಲ್ಕವೇ ಇಲ್ಲ. ಎಂಟು ಸಾವಿರ ರೂಪಾಯಿ ಕೋಣೆ ಬಾಡಿಗೆ ಕೊಟ್ಟವರು ಒಂದು ಪೈಸೆ ಶುಲ್ಕ ಕಟ್ಟದೆ ಕೋಟಿ ರೂಪಾಯಿ ಪರಿಹಾರ ಕೇಳಬಹುದು. ಕೇಳಿದ್ದೆಲ್ಲ ಸಿಗುತ್ತದೆಂದಲ್ಲ. ಕೇಳಿಸಿಕೊಳ್ಳುವುದಕ್ಕಂತೂ ಸಿದ್ಧರಿರಬೇಕು.

"ನಾವು ಬಂದವರೆಲ್ಲರ ಕೈಲಿ ಮುಚ್ಚಳಿಕೆ ಬರೆಸಿಕೊಳ್ಳುತ್ತೇವೆ, ಗೋಡೆ ಮೇಲೆ ಬೋರ್ಡೂ ಹಾಕಿದ್ದೇವೆ" ಎನ್ನುವವರಿಗೆ ದೆಹಲಿಯ ಒಂದು ಕಾರಿನ ಕಥೆ ಹೇಳಬೇಕು. 1998ರಲ್ಲಿ ತಾಜ್ ಮಹಲ್ ಹೋಟೆಲಿಗೆ ಬಂದವರೊಬ್ಬರು ತಮ್ಮ ಮಾರುತಿ ಜೆನ್ ಕಾರಿನ ಕೀಲಿಯನ್ನು ಹೋಟೆಲಿನವರ ಕೈಗೆ ಕೊಟ್ಟು ಒಳಗೆ ಹೋದರು. ಹೊರಬರುವಷ್ಟರಲ್ಲಿ ಕಾರು ಕಳುವಾಗಿತ್ತು. ಪಾರ್ಕಿಂಗ್ ಚೀಟಿಯಲ್ಲಿ 'ವಾಹನದ ಹೊಣೆ ಮಾಲೀಕರದ್ದೇ' ಎಂದು ಅಚ್ಚಾಗಿತ್ತು. 2019ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಆ ಸಾಲು ಹೋಟೆಲನ್ನು ಕಾಪಾಡದು ಎಂದಿತು. ಕೀಲಿ ಪಡೆದ ಮೇಲೆ ಅದನ್ನು ಜೋಪಾನ ಮಾಡುವ ಹೊಣೆ ಬಂತು; ತನ್ನ ಕಡೆಯ ಅಜಾಗರೂಕತೆಗೆ ಚೀಟಿಯನ್ನು ಅಡ್ಡ ಹಿಡಿಯುವಂತಿಲ್ಲ. ಈ ತೀರ್ಪು ಬರೆದವರು ನಮ್ಮ ಹಾವೇರಿ ಜಿಲ್ಲೆಯ ನ್ಯಾಯಮೂರ್ತಿ ಮೋಹನ ಶಾಂತನಗೌಡರ್.

ಆ ಪ್ರಕರಣದಲ್ಲಿ ಹೋಟೆಲಿನ ಮೇಲೆ ಬಂದವರು ಯಾರು ಎಂಬುದನ್ನೂ ಗಮನಿಸಬೇಕು. ಕಾರಿನ ಮಾಲೀಕರಿಗೆ ದುಡ್ಡು ಕೊಟ್ಟು ಮುಗಿಸಿದ್ದ ವಿಮಾ ಕಂಪನಿ, ಅವರ ಹಕ್ಕನ್ನು ತಾನು ಪಡೆದುಕೊಂಡು ಹೋಟೆಲಿನಿಂದ ವಸೂಲಿಗೆ ನಿಂತಿತ್ತು. ಅತಿಥಿಗೆ ವಿಮೆ ಇದೆ, ಅವರ ನಷ್ಟ ಅವರಿಗೆ ಸಿಕ್ಕಿತು, ನಾವು ಬಚಾವಾದೆವು ಎಂದುಕೊಳ್ಳುವಂತಿಲ್ಲ ಎಂದಾಯಿತು.

ಹಾಗೆಂದು ಮುಚ್ಚಳಿಕೆ ನಿರುಪಯೋಗಿಯಲ್ಲ. 'ಹೊಳೆಗೆ ಇಳಿಯಬಾರದು, ಸಂಜೆ ಆರರ ಮೇಲೆ ತೋಟದೊಳಗೆ ನಡೆಯಬಾರದು, ವಿದ್ಯುತ್ ಹರಿಯುವ ಐಬೆಕ್ಸ್ ಬೇಲಿ ಮುಟ್ಟಬಾರದು' ಎಂದು ಅತಿಥಿಗೆ ಅರ್ಥವಾಗುವ ಭಾಷೆಯಲ್ಲಿ ಬರೆದು ಸಹಿ ಪಡೆದಿದ್ದರೆ, ಅವರು ಎಚ್ಚರಿಕೆ ಮೀರಿದರು ಎಂದು ತೋರಿಸಲು ಅದು ಸಾಕ್ಷಿ. 'ಏನೇ ಆದರೂ ಆಡಳಿತ ಹೊಣೆಯಲ್ಲ' ಎಂಬ ಒಂದೇ ಸಾಲಿಗೆ ಮಾತ್ರ ಕಾಗದದ ಬೆಲೆಯೂ ಇಲ್ಲ.

ಜೀವ ಹೋದ ಪ್ರಕರಣಗಳಲ್ಲಿ ದುಡ್ಡಿನ ಮಾತು ಆಮೇಲೆ ಬರುತ್ತದೆ. 2024ರ ನವೆಂಬರ್ 17ರಂದು ಮಂಗಳೂರು ಹತ್ತಿರ ಸೋಮೇಶ್ವರದ ರೆಸಾರ್ಟೊಂದರ ಈಜುಕೊಳದಲ್ಲಿ ಮೈಸೂರಿನ ಮೂವರು ಯುವತಿಯರು ಮುಳುಗಿ ಸತ್ತರು. ಕೊಳದ ಬಳಿ ಜೀವರಕ್ಷಕರಿರಲಿಲ್ಲ. ಮಾಲೀಕ, ಮ್ಯಾನೇಜರ್ ಇಬ್ಬರ ಬಂಧನವಾಯಿತು. ಅಜಾಗರೂಕತೆಯಿಂದ ಸಾವಿಗೆ ಕಾರಣವಾದರೆ ಹಳೆಯ ದಂಡ ಸಂಹಿತೆಯಲ್ಲಿ ಗರಿಷ್ಠ 2 ವರ್ಷ ಶಿಕ್ಷೆ ಇತ್ತು. 2024ರ ಜುಲೈಯಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 106ನೇ ಕಲಮಿನಲ್ಲಿ ಅದು 5 ವರ್ಷ. ಯಾವ ವಿಮೆಯೂ ಜೈಲುವಾಸವನ್ನಾಗಲಿ ದಂಡವನ್ನಾಗಲಿ ತುಂಬಿಕೊಡುವುದಿಲ್ಲ.

ಈಜುಕೊಳ ಕಣ್ಣಿಗೆ ಕಾಣುವ ಅಪಾಯ. ತೋಟದ ಮನೆಗಳಲ್ಲಿ ಅದಕ್ಕಿಂತ ಕೆಟ್ಟದ್ದು ಕೃಷಿ ಹೊಂಡ. ಇಳಿಜಾರು ಅಂಚು, ಅದರ ಮೇಲೆ ಪ್ಲಾಸ್ಟಿಕ್ ಹೊದಿಕೆ, ಹೊದಿಕೆಯ ಮೇಲೆ ಪಾಚಿ. ಬಿದ್ದವರಿಗೆ ಈಜು ಬಂದರೂ ಕಾಲೂರಿ ಮೇಲೆ ಹತ್ತಲು ಹಿಡಿತ ಸಿಗದು. ಮಾಲೀಕರ ಲೆಕ್ಕದಲ್ಲಿ ಅದು ಕಾಫಿಗೆ ನೀರು ಹಾಯಿಸುವ ಹೊಂಡ, ಹೋಂಸ್ಟೇಗೆ ಸೇರಿದ್ದಲ್ಲ. ಬೆಂಗಳೂರಿನ ಫ್ಲ್ಯಾಟಿನಿಂದ ಬಂದ ಆರು ವರ್ಷದ ಮಗುವಿಗೆ ಈ ವಿಂಗಡಣೆ ಗೊತ್ತಿಲ್ಲ. ಸುತ್ತ ಬೇಲಿ, ಒಂದು ಗೇಟು, ಎರಡು ಕಡೆ ಕಟ್ಟಿದ ಹಗ್ಗ, ಒಂದು ಹಳೆಯ ಟ್ಯೂಬು: ಇಷ್ಟರ ಖರ್ಚು ಒಂದು ವಾರಾಂತ್ಯದ ಬಾಡಿಗೆಯನ್ನು ಹೆಚ್ಚೇನೂ ಮೀರದು.

ಇನ್ನೊಂದು, ಬಚ್ಚಲುಮನೆಯ ಒಳಗೇ ಕೂರಿಸಿದ ಗ್ಯಾಸ್ ಗೀಸರ್. ಚಳಿಗೆಂದು ಕಿಟಕಿ ಭದ್ರ ಮಾಡಿಕೊಂಡು ಸ್ನಾನಕ್ಕೆ ನಿಂತವರು ವಾಸನೆ ಇಲ್ಲದ ಕಾರ್ಬನ್ ಮೊನಾಕ್ಸೈಡಿನಿಂದ ಸದ್ದಿಲ್ಲದೆ ಕುಸಿಯುತ್ತಾರೆ. ಮಲೆನಾಡಿನವರು ಹಂಡೆಯ ಒಲೆಯ ಬಾಯನ್ನು ಹೊರಗಡೆ ಇಡುತ್ತಿದ್ದುದನ್ನು ನೆನೆದರೆ, ಗೀಸರನ್ನು ಗೋಡೆಯಾಚೆ ಹಾಕಿ ಬಿಸಿನೀರನ್ನು ಪೈಪಿನಲ್ಲಿ ಒಳತರುವುದು ನಮಗೆ ಹೊಸದಾಗಿ ಕಲಿಸಬೇಕಾದ ವಿದ್ಯೆಯೇನಲ್ಲ.

ಈಗ ವಿಮೆಗೆ ಬರೋಣ. ಕಟ್ಟಡದ್ದು ಒಂದು ವಿಮೆ, ಬಂದವರಿಗೆ ಆಗುವ ಹಾನಿಯದ್ದು ಇನ್ನೊಂದು, ಕೆಲಸದವರದ್ದು ಮತ್ತೊಂದು. ಒಂದು ಇದ್ದರೆ ಮೂರೂ ಇದ್ದಂತೆ ಎಂಬ ಭ್ರಮೆ ವ್ಯಾಪಕವಾಗಿದೆ.

ಕಟ್ಟಡಕ್ಕೆ 2021ರ ಏಪ್ರಿಲ್‌ನಿಂದ ಎಲ್ಲ ಕಂಪನಿಗಳೂ ಒಂದೇ ಒಕ್ಕಣೆಯಲ್ಲಿ ಮಾರಬೇಕಾದ ಪಾಲಿಸಿಗಳಿವೆ. ವಾಸದ ಮನೆಗೆ ಭಾರತ್ ಗೃಹ ರಕ್ಷಾ. 5 ಕೋಟಿವರೆಗಿನ ಆಸ್ತಿಯ ಉದ್ಯಮಕ್ಕೆ ಭಾರತ್ ಸೂಕ್ಷ್ಮ ಉದ್ಯಮ ಸುರಕ್ಷಾ, ಅಲ್ಲಿಂದ 50 ಕೋಟಿವರೆಗೆ ಭಾರತ್ ಲಘು ಉದ್ಯಮ ಸುರಕ್ಷಾ. ಮನೆಯ ಪಾಲಿಸಿ ಅಗ್ಗ, ಉದಾರವೂ ಹೌದು. ಬೆಂಕಿ, ಬಿರುಗಾಳಿ, ನೆರೆ, ಭೂಕುಸಿತ, ಕಾಳ್ಗಿಚ್ಚು ಎಲ್ಲ ಅದರಲ್ಲಿದೆ. ಮನೆಯನ್ನು ಕಡಿಮೆ ಬೆಲೆಗೆ ವಿಮೆ ಮಾಡಿಸಿದ್ದರೂ ಅದೇ ನೆಪದಲ್ಲಿ ಕ್ಲೇಮು ಕತ್ತರಿಸುವಂತಿಲ್ಲ. ಉದ್ಯಮದ ಪಾಲಿಸಿ ಅಷ್ಟು ಉದಾರವಲ್ಲ. ಅಲ್ಲಿ ಕೊರತೆ ಶೇ. 15ರೊಳಗಿದ್ದರೆ ಮನ್ನಾ, ದಾಟಿದರೆ ಅನುಪಾತದ ಕಡಿತ. 80 ಲಕ್ಷದ ಕಟ್ಟಡವನ್ನು 40 ಲಕ್ಷಕ್ಕೆ ವಿಮೆ ಮಾಡಿಸಿ 10 ಲಕ್ಷ ನಷ್ಟವಾದರೆ ಕೈಗೆ ಬರುವುದು 5 ಲಕ್ಷ.

ಹಾಗಾದರೆ ಹೋಂಸ್ಟೇಗೆ ಯಾವುದು? ತಾವೇ ವಾಸವಿದ್ದು ಎರಡು ಕೋಣೆ ಕೊಡುವವರದ್ದು, ತೋಟದ ಮೂಲೆಯಲ್ಲಿ ನಾಲ್ಕು ಕಾಟೇಜು ಕಟ್ಟಿ ಮೇಲ್ವಿಚಾರಕ ರೈಟರ್ ಕೈಗೆ ಬಿಟ್ಟು ತಾವು ಮೈಸೂರಿನಲ್ಲಿರುವವರದ್ದು ಒಂದೇ ಸ್ಥಿತಿಯಲ್ಲ. ಎರಡನೆಯದು ಉದ್ಯಮ, ಚರ್ಚೆಯೇ ಬೇಡ. ಮೊದಲನೆಯದರಲ್ಲಿ ಅನುಮಾನಕ್ಕೆ ಎಡೆಯಿದೆ. ಎಡೆ ಇರುವುದರಿಂದಲೇ ಕಂಪನಿಗೆ ಮೊದಲೇ ಬರೆದು ತಿಳಿಸಬೇಕು. ಏಜೆಂಟರ ಕಿವಿಯಲ್ಲಿ ಹೇಳಿದ್ದು ಹೇಳಿದ ಹಾಗಲ್ಲ. ಕಂಪನಿಗೆ ಇ-ಮೇಲ್ ಹೋಗಬೇಕು, 'ಈ ಮನೆಯ ಇಷ್ಟು ಕೋಣೆಗಳನ್ನು ದಿನದ ಬಾಡಿಗೆಗೆ ಪ್ರವಾಸಿಗರಿಗೆ ಕೊಡುತ್ತೇವೆ' ಎಂದು ಅದರಲ್ಲಿರಬೇಕು, ಉತ್ತರವನ್ನು ಪಾಲಿಸಿಯ ಜೊತೆ ಪಿನ್ ಮಾಡಿಡಬೇಕು. ವಿಮೆಯ ಒಪ್ಪಂದ ನಿಂತಿರುವುದೇ ಗೊತ್ತಿದ್ದುದನ್ನು ಮುಚ್ಚಿಡಬಾರದು ಎಂಬ ತತ್ವದ ಮೇಲೆ. ಪ್ರೀಮಿಯಂ ಉಳಿಸಲು ಬಳಕೆಯನ್ನು ಮುಚ್ಚಿಟ್ಟವರು ಹತ್ತು ವರ್ಷ ಕಟ್ಟಿದ ದುಡ್ಡು, ಕ್ಲೇಮಿನ ದಿನ ಸರ್ವೇಯರ್ ಮೊಬೈಲಿನಲ್ಲಿ ನಿಮ್ಮದೇ ಬುಕಿಂಗ್ ಪುಟ ತೆರೆದ ಕೂಡಲೇ ನೀರಿನಲ್ಲಿ ಹೋಮ. ಇನ್‌ಸ್ಟಾಗ್ರಾಮಿನಲ್ಲಿ ಜಾಹೀರಾತು ಹಾಕಿ ಅರ್ಜಿಯಲ್ಲಿ 'ಸ್ವಂತ ವಾಸ' ಎಂದು ಬರೆಯುವ ಧೈರ್ಯ ಎಲ್ಲಿಂದ ಬರುತ್ತದೋ!

ಮಲೆನಾಡಿಗೆ ಮುಖ್ಯವಾದದ್ದು ಭೂಕುಸಿತ. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಮುಕ್ಕೋಡ್ಲು, ಜೋಡುಪಾಲದಲ್ಲಿ ಗುಡ್ಡಗಳೇ ಇಳಿದು ಬಂದವು. ಪಾಲಿಸಿಯಲ್ಲಿ ಭೂಕುಸಿತ ಎಂದಿದೆಯಲ್ಲ ಎಂದು ನೆಮ್ಮದಿಯಾಗುವ ಮೊದಲು ಅದರ ಕೆಳಗಿನ ಸಣ್ಣ ಅಕ್ಷರ ಓದಬೇಕು. ಮಣ್ಣು ತುಂಬಿಸಿ ಮಾಡಿದ ಜಾಗ ಕುಸಿದರೆ, ಅಗೆತದ ಕೆಲಸದಿಂದ ಕುಸಿದರೆ, ವಿನ್ಯಾಸ ಸರಿಯಿಲ್ಲದೆ ಕುಸಿದರೆ ಪರಿಹಾರವಿಲ್ಲ. ಮಂಜು ಕಾಣಬೇಕೆಂದು ಜೆಸಿಬಿ ತಂದು ಗುಡ್ಡದ ಬೆನ್ನು ಕಡಿದು, ಆ ಮಣ್ಣನ್ನೇ ಕೆಳಗೆ ತುಂಬಿ, ಅದರ ಮೇಲೆ ಕಂಬ ನಿಲ್ಲಿಸಿದ ಕಾಟೇಜುಗಳೆಲ್ಲ ಈ ವಿನಾಯಿತಿಯ ಬಾಯಲ್ಲೇ ಕೂತಿವೆ. ಜಾಗಕ್ಕೆ ವಿಮೆ ಇಲ್ಲ, ಕಟ್ಟಡಕ್ಕಷ್ಟೇ. ಮನೆಯ ಜೊತೆ ಅಡಿಯ ನೆಲವೂ ಹೊಳೆ ಸೇರಿದರೆ ನೆಲದ ಬೆಲೆ ಹೋದ ಹಾಗೆಯೇ. ಮಳೆಗಾಲದಲ್ಲಿ ಜಿಲ್ಲಾಡಳಿತ ಪ್ರವಾಸಿಗರನ್ನು ತಡೆದು ಬುಕಿಂಗ್ ರದ್ದಾದ ನಷ್ಟವೂ ಸಾಮಾನ್ಯ ಪಾಲಿಸಿಗೆ ಬರುವುದಿಲ್ಲ. ವ್ಯಾಪಾರ ನಿಂತ ನಷ್ಟದ ವಿಮೆ ಕೆಲಸ ಮಾಡುವುದು ನಿಮ್ಮದೇ ಕಟ್ಟಡಕ್ಕೆ ಹಾನಿಯಾಗಿ ವ್ಯಾಪಾರ ನಿಂತಾಗ.

ಕೊಡಗಿನಲ್ಲಿ ಇನ್ನೊಂದು ಗಂಟಿದೆ. ವಂಶಪಾರಂಪರ್ಯವಾಗಿ ಬಂದ ಜಮ್ಮಾ ಜಾಗದ ದಾಖಲೆಯಲ್ಲಿ ಒಕ್ಕದ (ಮನೆತನದ) ಹಲವರ ಹೆಸರಿರುತ್ತದೆ, ಹೋಂಸ್ಟೇ ಕಟ್ಟಿದವರು ಒಬ್ಬರು, ಪಾಲಿಸಿ ಅವರ ಮಗನ ಹೆಸರಿನಲ್ಲಿ. ಆಸ್ತಿಯಲ್ಲಿ ಹಿತಾಸಕ್ತಿ ಇಲ್ಲದವನಿಗೆ ವಿಮೆಯ ದುಡ್ಡಿಲ್ಲ. ಕಟ್ಟಡಕ್ಕೆ ಹಣ ಹಾಕಿದವರು ಯಾರು, ನಡೆಸುವವರು ಯಾರು ಎಂಬುದು ಪಾಲಿಸಿಯ ಮೊದಲ ಪುಟದಲ್ಲೇ ಕಾಣಬೇಕು.

ಅತಿಥಿಯೇ ಹೊರಡುವಾಗ ಟಿವಿ ಹೊತ್ತೊಯ್ದರೆ? ಕಳ್ಳತನದ ಪಾಲಿಸಿಗಳು ಕೇಳುವುದು ಬಾಗಿಲು ಒಡೆದ ಗುರುತು. ನೀವೇ ಕೀಲಿ ಕೊಟ್ಟು ಒಳಬಿಟ್ಟವರ ಕೈಚಳಕಕ್ಕೆ ಅವು ಒದಗುವುದು ಕಷ್ಟ. ಇದಕ್ಕೆ ಮುಂಗಡ ಠೇವಣಿಯೇ ಮದ್ದು.

ಬಂದವರಿಗೆ ಆಗುವ ಹಾನಿಗೆ ಬೇಕಾದ್ದು ಪಬ್ಲಿಕ್ ಲಯಬಿಲಿಟಿ ಪಾಲಿಸಿ. ಹೆಸರು ಹೇಳಿದರೆ ಕೆಲವು ಏಜೆಂಟರೇ ಗೊಂದಲಕ್ಕೆ ಬೀಳುತ್ತಾರೆ. 1991ರಲ್ಲಿ ಇದೇ ಹೆಸರಿನ ಕಾಯ್ದೆಯೊಂದು ಬಂತು. ಅದು ಭೋಪಾಲ ಅನಿಲ ದುರಂತದ ನಂತರ ಅಪಾಯಕಾರಿ ರಾಸಾಯನಿಕ ಇಟ್ಟುಕೊಳ್ಳುವ ಕಾರ್ಖಾನೆಗಳಿಗೆ ಮಾಡಿದ್ದು. ಹೋಂಸ್ಟೇಗೆ ಬೇಕಾದದ್ದು ಕೈಗಾರಿಕೇತರ ಜಾಗಗಳ ಪಾಲಿಸಿ. ಅತಿಥಿ ಮೆಟ್ಟಿಲಲ್ಲಿ ಜಾರಿ ಸೊಂಟ ಮುರಿದುಕೊಂಡರೆ, ಒಣಗಿದ ಸಿಲ್ವರ್ ಓಕಿನ ಕೊಂಬೆ ಅವರ ಕಾರಿನ ಮೇಲೆ ಬಿದ್ದರೆ, ನೀವು ಕಾನೂನಿನಂತೆ ಕೊಡಬೇಕಾಗುವ ಪರಿಹಾರವನ್ನೂ ವಕೀಲರ ಖರ್ಚನ್ನೂ ಮಿತಿಯೊಳಗೆ ಕಂಪನಿ ಕೊಡುತ್ತದೆ. ಮಿತಿ ಎರಡು ಥರ, ಒಂದು ಅಪಘಾತಕ್ಕೆ ಇಷ್ಟು, ಇಡೀ ವರ್ಷಕ್ಕೆ ಇಷ್ಟು. ವರ್ಷಕ್ಕೆ 1 ಕೋಟಿ ಎಂದು ಬರೆದದ್ದು ನೋಡಿ ಹಿಗ್ಗಿ, ಅಪಘಾತವೊಂದಕ್ಕೆ 25 ಲಕ್ಷ ಎಂಬ ಪಕ್ಕದ ಸಾಲನ್ನು ಬಿಡಬಾರದು.

ಈ ಪಾಲಿಸಿಯ ಜೀವಾಳ ಅದರ ಸೇರ್ಪಡೆಗಳಲ್ಲಿದೆ. ಈಜುಕೊಳ, ಊಟ-ತಿಂಡಿ, ಆಟೋಟ, ವಾಹನ ನಿಲುಗಡೆ ಇವನ್ನು ಸಾಮಾನ್ಯವಾಗಿ ಕೇಳಿ ಸೇರಿಸಿಕೊಳ್ಳಬೇಕು. ಪಂದಿ ಕರಿ, ಅಕ್ಕಿ ರೊಟ್ಟಿ ಬಡಿಸುವುದೇ ನಮ್ಮ ಹೋಂಸ್ಟೇಗಳ ಆಕರ್ಷಣೆ. ಊಟದ ಸೇರ್ಪಡೆ ಇಲ್ಲದೆ ಆಹಾರ ವಿಷವಾಗಿ ಹತ್ತು ಮಂದಿ ಆಸ್ಪತ್ರೆ ಸೇರಿದರೆ ಪಾಲಿಸಿ ಮೌನ ವಹಿಸುತ್ತದೆ. ಕಾನೂನನ್ನು ಬೇಕೆಂದೇ ಮುರಿದಿದ್ದರೂ ಹಾಗೆಯೇ. ಪರವಾನಗಿ ಇಲ್ಲದೆ ಮದ್ಯ ಕೊಟ್ಟು, ಆ ಅಮಲಿನಲ್ಲಿ ಯಾರಾದರೂ ಕೆರೆಗೆ ಬಿದ್ದರೆ ಕ್ಲೇಮಿನ ಆಸೆ ಬಿಡಬೇಕು.

ಜೀಪಿನ ವಿಷಯ ಇದಕ್ಕಿಂತ ಸೂಕ್ಷ್ಮ. ಮಾಂದಲಪಟ್ಟಿಗೋ ಝರಿ ಜಲಪಾತಕ್ಕೋ ಅತಿಥಿಗಳನ್ನು ಕರೆದೊಯ್ಯುವಾಗ ಬಹಳ ಮನೆಗಳು ತಮ್ಮದೇ ಬಿಳಿ ಬೋರ್ಡ್ ಜೀಪು ತೆಗೆಯುತ್ತವೆ, ತಲೆಗಿಷ್ಟು ಎಂದು ಪಡೆಯುತ್ತವೆ. ಬಾಡಿಗೆ ಪಡೆದ ಕ್ಷಣ ಖಾಸಗಿ ವಾಹನದ ವಿಮೆಯ ಷರತ್ತು ಮುರಿಯಿತು. ಜೀಪು ಮಗುಚಿದರೆ ವಾಹನದ ವಿಮಾ ಕಂಪನಿ ಇದನ್ನೇ ಹಿಡಿಯುತ್ತದೆ; ಪಬ್ಲಿಕ್ ಲಯಬಿಲಿಟಿಯವರು ರಸ್ತೆಯ ಮೇಲಿನ ವಾಹನದ ಅಪಘಾತ ತಮ್ಮದಲ್ಲ ಎನ್ನುತ್ತಾರೆ. ಎರಡು ಪಾಲಿಸಿ ಇದ್ದೂ ಒಂದೂ ಇಲ್ಲದ ಸ್ಥಿತಿ. ಹಳದಿ ಬೋರ್ಡಿನ ಜೀಪಿನವರ ನಂಬರ್ ಅತಿಥಿಗೆ ಕೊಟ್ಟು ದೂರ ಉಳಿಯುವುದು ಮೇಲು.

ಕೆಲಸದವರು ಪಬ್ಲಿಕ್ ಲಯಬಿಲಿಟಿ ಪಾಲಿಸಿಯ ಹೊರಗೆ. ಅಡುಗೆಯವರಿಗೆ ಸುಟ್ಟರೆ, ಲೈನ್ ಮನೆಯಿಂದ ಕೋಣೆ ಗುಡಿಸಲು ಬಂದವರು ಬಿದ್ದರೆ ಕಾರ್ಮಿಕರ ಪರಿಹಾರದ ಪ್ರತ್ಯೇಕ ಪಾಲಿಸಿ ಬೇಕು. ತೋಟದ ಕೆಲಸಕ್ಕೆಂದು ಮಾಡಿಸಿದ ಪಾಲಿಸಿಯಲ್ಲಿ ಹೋಂಸ್ಟೇ ಕೆಲಸವೂ ಸೇರಿದೆಯೇ ಎಂದು ನೋಡಿಕೊಳ್ಳಬೇಕು.

ಆನ್‌ಲೈನ್ ವೇದಿಕೆಗಳ ರಕ್ಷಣೆಯ ಮಾತೂ ಬರುತ್ತದೆ. ಏರ್‌ಬಿಎನ್‌ಬಿ ತನ್ನ ಏರ್‌ಕವರ್ ಯೋಜನೆಯಲ್ಲಿ 10 ಲಕ್ಷ ಡಾಲರ್‌ವರೆಗೆ ಹೊಣೆಯ ವಿಮೆ, 30 ಲಕ್ಷ ಡಾಲರ್‌ವರೆಗೆ ಹಾನಿಯ ರಕ್ಷಣೆ ಎನ್ನುತ್ತದೆ. ಎರಡನೆಯದು ವಿಮೆಯಲ್ಲ, ಕಂಪನಿ ತಾನೇ ಹಾಕಿಕೊಂಡ ಷರತ್ತುಗಳ ಮೇಲೆ ಕೊಡುವ ಭರವಸೆ. ಅತಿಥಿ ಹೊರಟ 14 ದಿನದೊಳಗೆ ಕೇಳಬೇಕು. ಎರಡೂ ಆ ವೇದಿಕೆಯ ಮೂಲಕ ಬಂದ ಬುಕಿಂಗಿಗೆ ಮಾತ್ರ. ಅಲ್ಲಿ ಫೋಟೋ ನೋಡಿ, ಕಮಿಷನ್ ಉಳಿಸಲು ವಾಟ್ಸಾಪಿನಲ್ಲಿ ಮಾತಾಡಿ, ಯುಪಿಐನಲ್ಲಿ ದುಡ್ಡು ಹಾಕಿ ಬಂದವರಿಗೆ ಇದಾವುದೂ ಇಲ್ಲ. ನಮ್ಮ ಕಡೆ ಹೆಚ್ಚಿನವರು ಬರುವುದು ಹಾಗೆಯೇ.

ವಿಮೆಯ ಕೈ ಮುಟ್ಟದ ಜಾಗಗಳೂ ಇವೆ. 2021ರ ಜನವರಿಯಲ್ಲಿ ವಯನಾಡಿನ ಮೇಪ್ಪಾಡಿ ಹತ್ತಿರ ಟೆಂಟಿನಲ್ಲಿ ಉಳಿದಿದ್ದ ಶಿಕ್ಷಕಿಯೊಬ್ಬರನ್ನು ಕಾಡಾನೆ ತುಳಿದು ಕೊಂದಿತು. ಆನೆಯನ್ನು ತಡೆಯುವುದು ಮಾಲೀಕರ ಕೈಲಿಲ್ಲ, ನಿಜ. ಆನೆ ಓಡಾಡುವ ಕಾಡಂಚಿನಲ್ಲಿ ಬಟ್ಟೆಯ ಗುಡಾರದಲ್ಲಿ ಮಲಗಿಸುವುದು ಮಾತ್ರ ಅವರದೇ ತೀರ್ಮಾನ. 2025ರ ಮಾರ್ಚ್‌ನಲ್ಲಿ ಗಂಗಾವತಿ ತಾಲ್ಲೂಕಿನ ಸಾಣಾಪುರದಲ್ಲಿ ರಾತ್ರಿ ಕಾಲುವೆ ದಂಡೆಯಲ್ಲಿ ಕುಳಿತಿದ್ದ ಅತಿಥಿಗಳ ಮೇಲೂ ಹೋಂಸ್ಟೇ ನಡೆಸುವ ಮಹಿಳೆಯ ಮೇಲೂ ನಡೆದ ಕ್ರೌರ್ಯಕ್ಕೆ ಯಾವ ಪಾಲಿಸಿಯ ಭಾಷೆಯೂ ಸಾಲದು. ಕಟ್ಟಡವೇ ಅಕ್ರಮವಾದರೆ ಮಾತೇ ಇಲ್ಲ: ತುಂಗಭದ್ರೆಯ ನಡುವಿನ ವಿರೂಪಾಪುರ ಗಡ್ಡೆಯ ರೆಸಾರ್ಟುಗಳು ಅನಧಿಕೃತವೆಂದು ಸುಪ್ರೀಂ ಕೋರ್ಟ್ 2020ರಲ್ಲಿ ಎತ್ತಿಹಿಡಿದ ಮೇಲೆ ಅವನ್ನು ಕೆಡವಲಾಯಿತು. ನೋಂದಣಿಯನ್ನು ಕಿರಿಕಿರಿ ಎಂದು ತಳ್ಳಿಹಾಕುವವರಿಗೆ ನಾನು ಹೇಳುವುದಿಷ್ಟು: ಅನಾಹುತದ ಮರುದಿನ ಪೊಲೀಸರೂ ಸರ್ವೇಯರೂ ಗ್ರಾಹಕ ಆಯೋಗವೂ ಕೇಳುವ ಮೊದಲ ಕಾಗದ ಅದೇ.

ಎರಡನೆಯ ಕಾಗದ ಅತಿಥಿಗಳ ದಾಖಲೆ ಪುಸ್ತಕ. ವಿದೇಶಿಯರು ಬಂದರೆ 24 ಗಂಟೆಯೊಳಗೆ ಆನ್‌ಲೈನಿನಲ್ಲಿ ತಿಳಿಸುವುದು ಕಡ್ಡಾಯ. ನಮ್ಮವರೇ ಬಂದರೂ ಹೆಸರು, ಗುರುತಿನ ಚೀಟಿ, ಬಂದ ಹೊತ್ತು, ಹೊರಟ ಹೊತ್ತು ಬರೆದಿಡಬೇಕು. ಏನಾದರೂ ನಡೆದರೆ ಅದೇ ದಿನ ಫೋಟೋ ತೆಗೆದು, ಇದ್ದವರ ಫೋನ್ ನಂಬರ್ ಬರೆದುಕೊಂಡು, ವಿಮಾ ಕಂಪನಿಗೆ ಲಿಖಿತವಾಗಿ ತಿಳಿಸಬೇಕು. ಅತಿಥಿಗೆ ಆಸ್ಪತ್ರೆಯ ವ್ಯವಸ್ಥೆ ಮಾಡುವುದು ಮನುಷ್ಯತ್ವ. 'ಎಲ್ಲ ಖರ್ಚು ನಮ್ಮದು, ತಪ್ಪು ನಮ್ಮದೇ' ಎಂದು ಕಂಪನಿಯನ್ನು ಕೇಳದೆ ಬರೆದುಕೊಡುವುದು ಪಾಲಿಸಿಯ ಷರತ್ತಿಗೆ ವಿರುದ್ಧ.

ಹೋಂಸ್ಟೇ ಮುಚ್ಚುವವರು ಗಮನಿಸಬೇಕಾದ ಸಂಗತಿಯೊಂದು ಉಳಿದಿದೆ. ಗ್ರಾಹಕ ಆಯೋಗಕ್ಕೆ ದೂರು ಕೊಡಲು ಎರಡು ವರ್ಷ ಕಾಲಾವಕಾಶವಿದೆ. ಪಬ್ಲಿಕ್ ಲಯಬಿಲಿಟಿ ಪಾಲಿಸಿಗಳು ಸಾಮಾನ್ಯವಾಗಿ ನೋಡುವುದು ಅಪಘಾತ ಯಾವಾಗ ನಡೆಯಿತು ಎಂಬುದನ್ನಷ್ಟೇ ಅಲ್ಲ, ಕ್ಲೇಮು ಯಾವಾಗ ಬಂತು ಎಂಬುದನ್ನೂ. ಮಾರ್ಚ್‌ನಲ್ಲಿ ಅತಿಥಿ ಬಿದ್ದು, ಜೂನ್‌ನಲ್ಲಿ ನೀವು ವ್ಯಾಪಾರ ನಿಲ್ಲಿಸಿ ಪಾಲಿಸಿ ಬಿಟ್ಟು, ಮುಂದಿನ ವರ್ಷ ನೋಟಿಸು ಬಂದರೆ ಪಾಲಿಸಿ ಇರುವುದಿಲ್ಲ. ಬೋರ್ಡ್ ಇಳಿಸಿದ ಮೇಲೂ ಕಂಪನಿಯೊಂದಿಗೆ ಮಾತಾಡಿ ಆ ಎರಡು ವರ್ಷಕ್ಕೆ ರಕ್ಷಣೆ ಮುಂದುವರಿಸಿಕೊಳ್ಳಬೇಕು, ದಾಖಲೆ ಪುಸ್ತಕವನ್ನು ಗುಜರಿಗೆ ಹಾಕಬಾರದು. ಕಂಪನಿ ಬದಲಿಸುವವರು ಹಳೆಯ ಪಾಲಿಸಿ ಶುರುವಾದ ತಾರೀಖನ್ನೇ ಹೊಸದರಲ್ಲೂ ಪೂರ್ವಾನ್ವಯದ ದಿನಾಂಕವಾಗಿ ಬರೆಸಿಕೊಳ್ಳಬೇಕು.